ಕಂಡವನ ಮಾತು

ಒಂದೇ ಸಂಗತಿಯು ಹೇಳುವವನ ಬಾಯಿ ಬದಲಾದಂತೆ ಬೇರೆ ಬೇರೆ ರೂಪವನ್ನು ತಾಳುತ್ತದೆಂಬುದು ಲೋಕಾನುಭವ. ಬಾವಿಯ ಕಟ್ಟೆಯ ಮೇಲೆ ಹೇಳಿದ ಕಳ್ಳತನದ ಸುದ್ದಿಗೂ, ಠಾಣೆಯಲ್ಲಿ ಬರೆಯಿಸಿದ ಫಿರ್ಯಾದಿಗೂ, ಅದೇ ಕಳ್ಳತನವನ್ನು ಕುರಿತು ಲಾವಣಿಕಾರನು ಕಟ್ಟಿದ ಹಾಡಿಗೂ ವಸ್ತು ಒಂದೇ. ರೀತಿ ಮಾತ್ರ ಬೇರೆ. ವಾಮನನು ರೀತಿಯನ್ನೇ ಕಾವ್ಯದ ಆತ್ಮವೆಂದು ಕರೆದನು. ಆತನ ಮತವನ್ನು ಮುಂದಿನ ಆಲಂಕಾರಿಕರು ಪೂರ್ಣವಾಗಿ ಒಪ್ಪದಿದ್ದರೂ, ಹೇಳುವ ಬಗೆಯಲ್ಲಿ ಹೇಳುವವನ ನಿಲುವು ಅಡಗಿರುತ್ತದೆಂಬುದನ್ನು ಅಲ್ಲಗಳೆದವರು ವಿರಳ.

ಇಂತಹ ರೀತಿಗಳಲ್ಲಿ ಇಪ್ಪತ್ತನೆಯ ಶತಮಾನವು ಹುಟ್ಟುಹಾಕಿದ ಒಂದು ವಿಲಕ್ಷಣ ರೀತಿಯೆಂದರೆ ಪತ್ತೇದಾರನ ಸ್ವಗತ. ಶಾಲೆಯ ಸ್ನೇಹಸಮ್ಮೇಳನಗಳಲ್ಲಿ ಇದರ ಅನುಕರಣೆಯನ್ನು ಎಲ್ಲರೂ ಕಂಡವರೇ. ಹುಡುಗನೊಬ್ಬನು ಅಣ್ಣನ ಕೋಟು ತೊಟ್ಟು, ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಧ್ವನಿಯನ್ನು ತಗ್ಗಿಸಿ, ‘ಆ ರಾತ್ರಿ ಮಳೆ ಸುರಿಯುತ್ತಿತ್ತು’ ಎಂದು ಆರಂಭಿಸುತ್ತಾನೆ. ಗೆಳೆಯರು ಸಿಳ್ಳೆ ಹಾಕುತ್ತಾರೆ. ಹಿರಿಯರು ಸಿನಿಮಾದ ಹುಚ್ಚೆಂದು ಮುಗುಳ್ನಗುತ್ತಾರೆ. ಭಾಷೆಯನ್ನು ಕಲಿಸುವವರಿಗೆ ಮಾತ್ರ ಈ ಮುಗುಳ್ನಗೆಯಿಂದ ಕೆಲಸ ಮುಗಿಯುವುದಿಲ್ಲ. ಬಾಲಕನು ಒಂದು ರೀತಿಯನ್ನು ಎರವಲು ತಂದಾಗ ಅದರೊಡನೆ ಏನೇನು ತಂದನೆಂಬುದನ್ನು ಬಿಚ್ಚಿ ನೋಡಬೇಕಾದುದು ಅವರ ಧರ್ಮ. ಆ ಪರಿಶೀಲನೆಯೇ ಈ ಲೇಖನದ ಉದ್ದೇಶ.

ಪತ್ತೇದಾರಿ ಕಥೆಯ ಆರಂಭಕಾಲದಲ್ಲಿ ಪತ್ತೇದಾರನು ತಾನೇ ಕಥೆಯನ್ನು ಹೇಳುತ್ತಿರಲಿಲ್ಲ. ಅಮೆರಿಕೆಯ ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ ಕಥೆಯಲ್ಲಿಯೂ, ಕಾನನ್ ಡಾಯ್ಲನು 1887ರಲ್ಲಿ ಬೆಳಕಿಗೆ ತಂದ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿಯೂ ನಿರೂಪಕನು ಪತ್ತೇದಾರನ ಮಿತ್ರ. ಮಿತ್ರನು ಬೆರಗಿನಿಂದ ನೋಡುತ್ತಾನೆ, ಭಕ್ತಿಯಿಂದ ಬರೆಯುತ್ತಾನೆ. 1923ರಿಂದ ಈಚೆಗೆ ಡ್ಯಾಶಿಯಲ್ ಹ್ಯಾಮೆಟನು ಬರೆದ ಕಥೆಗಳಲ್ಲಿ ಈ ಮಧ್ಯಸ್ಥನು ಮಾಯವಾದನು. ಹ್ಯಾಮೆಟನು ಸ್ವತಃ ಖಾಸಗಿ ಪತ್ತೇದಾರಿ ಸಂಸ್ಥೆಯೊಂದರಲ್ಲಿ ದುಡಿದವನು. ಅವನ ಪತ್ತೇದಾರನಿಗೆ ಹೆಸರು ಸಹ ಇಲ್ಲ, ಕೆಲಸ ಮಾತ್ರ ಇದೆ. ತರುವಾಯ ಬಂದ ರೇಮಂಡ್ ಚಾಂಡ್ಲರನು ಎಣ್ಣೆ ಕಂಪನಿಯೊಂದರ ದೊಡ್ಡ ಹುದ್ದೆಯನ್ನು ಕಳೆದುಕೊಂಡು, ನಡುವಯಸ್ಸಿನಲ್ಲಿ ಅಗ್ಗದ ಪತ್ರಿಕೆಗಳಿಗೆ ಬರೆಯತೊಡಗಿದನು. 1939ರಲ್ಲಿ ಬಂದ ಅವನ ಮೊದಲ ಕಾದಂಬರಿಯಲ್ಲಿ ಫಿಲಿಪ್ ಮಾರ್ಲೋ ಎಂಬ ಪತ್ತೇದಾರನು ತನ್ನ ಕಥೆಯನ್ನು ತಾನೇ ಹೇಳಿದನು.

ಈ ಧ್ವನಿಯನ್ನು ಸಿನಿಮಾ ಎತ್ತಿಕೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿಗೆ ಬಂದ ಅಮೆರಿಕೆಯ ಕೆಲವು ಚಿತ್ರಗಳನ್ನು ನೋಡಿ ನೀನೋ ಫ್ರಾಂಕ್ ಎಂಬ ವಿಮರ್ಶಕನು 1946ರಲ್ಲಿ ಅವುಗಳಿಗೆ ‘ಫಿಲ್ಮ್ ನ್ವಾರ್’, ಅಂದರೆ ಕಪ್ಪು ಚಿತ್ರ, ಎಂಬ ಹೆಸರನ್ನು ಬಳಸಿದನು. ಅವುಗಳಲ್ಲಿ ಬಿಲ್ಲಿ ವೈಲ್ಡರನು 1944ರಲ್ಲಿ ನಿರ್ದೇಶಿಸಿದ ‘ಡಬಲ್ ಇಂಡೆಮ್ನಿಟಿ’ ಮುಖ್ಯವಾದುದು. ಅದರ ಚಿತ್ರಕಥೆಯಲ್ಲಿ ಚಾಂಡ್ಲರನ ಕೈಯೂ ಇದೆ. ಗಾಯಗೊಂಡ ವಿಮಾ ಏಜೆಂಟನೊಬ್ಬನು ನಡುರಾತ್ರಿಯಲ್ಲಿ ಕಚೇರಿಗೆ ಬಂದು, ಧ್ವನಿಮುದ್ರಣದ ಯಂತ್ರದ ಮುಂದೆ ಕುಳಿತು, ಕೊಲೆಯನ್ನು ತಾನೇ ಮಾಡಿದೆನೆಂದು ಹೇಳತೊಡಗುತ್ತಾನೆ. ಅದೇ ವರ್ಷದ ಇನ್ನೊಂದು ಚಿತ್ರದಲ್ಲಿ ಮಾರ್ಲೋ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಪೊಲೀಸರೆದುರು ಕುಳಿತು ನಡೆದುದನ್ನು ನಿರೂಪಿಸುತ್ತಾನೆ. 1950ರ ‘ಸನ್‌ಸೆಟ್ ಬುಲೆವಾರ್ಡ್’ ಚಿತ್ರದಲ್ಲಂತೂ ಕಥೆ ಹೇಳುವವನು ಈಜುಕೊಳದಲ್ಲಿ ತೇಲುತ್ತಿರುವ ಹೆಣ.

ಗಾಯಾಳು, ಕಣ್ಣು ಕಟ್ಟಿದವನು, ಸತ್ತವನು: ಈ ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಈ ರೀತಿಯ ತಿರುಳು ಕೈಗೆ ಸಿಕ್ಕುತ್ತದೆ. ಹೇಳುವವನಿಗೆ ಕಥೆಯ ಕೊನೆ ಮೊದಲೇ ಗೊತ್ತು. ಗೆಲುವು ತನ್ನದಲ್ಲವೆಂಬುದೂ ಗೊತ್ತು. ಆದರೂ ನಡೆದುದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತಾನೆ, ತನ್ನ ಪಾಲಿನ ತಪ್ಪನ್ನು ಮುಚ್ಚಿಡದೆ ಹೇಳುತ್ತಾನೆ. ಕೋಟು, ಟೊಪ್ಪಿಗೆ, ಸಿಗರೇಟಿನ ಹೊಗೆ ಇವೆಲ್ಲ ಈ ಮಾತಿನ ಹೊರ ಉಡುಪುಗಳು.

ನಮ್ಮ ಅಲಂಕಾರಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಿದರೂ ಈ ರೀತಿಯು ಸ್ವಾರಸ್ಯವಾಗಿಯೇ ಕಾಣುತ್ತದೆ. ಇದರ ವಾಕ್ಯಗಳು ಚಿಕ್ಕವು, ವಿಶೇಷಣಗಳು ಮಿತ. ಉಪಮೆ ಮಾತ್ರ ಹೇರಳ, ಮತ್ತು ಆ ಉಪಮೆಗಳು ಬಹುಮಟ್ಟಿಗೆ ಉಪಮೇಯವನ್ನು ಕೆಳಕ್ಕೆಳೆಯುವಂತಹವು. ಧನಿಕನ ನಗೆಯನ್ನು ಚಂದ್ರಿಕೆಗೆ ಹೋಲಿಸದೆ, ತುಕ್ಕು ಹಿಡಿದ ಬೀಗಕ್ಕೆ ಹೋಲಿಸುವ ಜಾತಿಯವು. ಉಪಮಾನವು ಉಪಮೇಯಕ್ಕಿಂತ ಹೀನವಾಗಿರುವುದನ್ನು ಪ್ರಾಚೀನರು ಉಪಮಾದೋಷಗಳಲ್ಲಿ ಎಣಿಸಿದ್ದಾರೆ. ಆದರೆ ದಂಡಿಯು ಹೀನತೆಯಾಗಲಿ ಆಧಿಕ್ಯವಾಗಲಿ ಪ್ರಾಜ್ಞರ ಮನಸ್ಸಿಗೆ ಉದ್ವೇಗವನ್ನುಂಟುಮಾಡದಿದ್ದಲ್ಲಿ ದೋಷವಾಗದೆಂದು ಔದಾರ್ಯದಿಂದ ಹೇಳಿದ್ದಾನೆ. ಪತ್ತೇದಾರನ ಉಪಮೆಗಳು ದಂಡಿಯ ಈ ವಿನಾಯಿತಿಯ ನೆರಳಿನಲ್ಲಿ ಬದುಕುತ್ತವೆ. ಹೊಳಪನ್ನು ನಂಬದ ಮನಸ್ಸು ಹೊಳಪಿನ ಉಪಮಾನವನ್ನು ಆರಿಸದು. ಅಲ್ಲಿ ಹೀನೋಪಮೆಯೇ ಔಚಿತ್ಯ.

ರಸದ ವಿಷಯವೂ ಹೀಗೆಯೇ. ವಸ್ತುವು ಕೊಲೆ, ಮೋಸ, ದುರಾಶೆ; ಆದುದರಿಂದ ಭಯಾನಕ, ಬೀಭತ್ಸಗಳು ಮೇಲೆ ತೋರುತ್ತವೆ. ಒಳಗೆ ಹರಿಯುವುದು ನಿರ್ವೇದ. ಶಾಂತರಸಕ್ಕೆ ಸ್ಥಾಯಿಯಾಗುವ ತತ್ತ್ವಜ್ಞಾನದ ನಿರ್ವೇದವಂತೂ ಇದಲ್ಲ. ದಿನವಿಡೀ ಪರರ ಪಾಪವನ್ನು ಲೆಕ್ಕ ಹಾಕಿ ಸಂಜೆ ತನ್ನ ಮನೆಯ ಬೀಗ ತೆರೆಯುವವನ ದಣಿವು ಇದು. ಹದಿಮೂರು ಹದಿನಾಲ್ಕರ ಬಾಲಕನಿಗೆ ಈ ದಣಿವು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರವು ಮುಂದೆ ತಾನಾಗಿಯೇ ಬರುವುದು.

ಕನ್ನಡಕ್ಕೆ ಪತ್ತೇದಾರನು ಹೊಸಬನಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ನೂರಾರು ಕಾದಂಬರಿಗಳನ್ನು ಬರೆದು, ಸಾವಿರಾರು ಜನರಿಗೆ ಕನ್ನಡವನ್ನು ಓದುವ ಚಟವನ್ನು ಹತ್ತಿಸಿದರು. ಕನ್ನಡ ಚಳವಳಿಯ ಅಗ್ರಗಣ್ಯರಾಗಿ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳ ಸಮೃದ್ಧ ಲೇಖಕರಾಗಿದ್ದರು. ಬೆಳ್ಳಿತೆರೆಯ ಮೇಲೆ 1968ರ ‘ಜೇಡರ ಬಲೆ’ಯಿಂದ ಮೊದಲ್ಗೊಂಡು 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ರಾಜಕುಮಾರರು ಸಿ.ಐ.ಡಿ. 999 ಪ್ರಕಾಶನಾಗಿ ಮೆರೆದರು. ಆದರೆ ಪ್ರಕಾಶನು ಗೆಲ್ಲುವ ವೀರ. ಅವನ ಹಾದಿಯಲ್ಲಿ ಸಾಹಸವಿದೆ, ಹಾಡಿದೆ, ನಿರ್ವೇದಕ್ಕೆ ಎಡೆಯಿಲ್ಲ. ಕಪ್ಪು ಚಿತ್ರದ ಸೋತ ಧ್ವನಿಯನ್ನು ಹುಡುಕಬೇಕಾದರೆ ನಮ್ಮ ಸೀಮೆಯಲ್ಲಿ ಸಿನಿಮಾ ಮಂದಿರವನ್ನು ಬಿಟ್ಟು ಬಯಲಿಗೆ ಬರಬೇಕಾಗುತ್ತದೆ.

ಬೈಲಹೊಂಗಲದ ಹೆಸರನ್ನು ನಾಡಿನಾದ್ಯಂತ ಹಬ್ಬಿಸಿದ ಸಣ್ಣಾಟ ‘ಸಂಗ್ಯಾ ಬಾಳ್ಯಾ’. ಇದರ ರಚನೆಯು ಪತ್ತಾರ ಮಾಸ್ತರರ ಹೆಸರಿನೊಡನೆ ಬೆಸೆದುಕೊಂಡು ಬಂದಿದೆ. ಇದೇ ಊರಿನಲ್ಲಿ ನಡೆದ ನಿಜ ಸಂಗತಿಯೇ ಇದಕ್ಕೆ ಮೂಲವೆಂಬ ನಂಬಿಕೆ ಜನರಲ್ಲಿ ದೃಢವಾಗಿದೆ. ಇದನ್ನು ವಿದ್ವಲ್ಲೋಕದ ಗಮನಕ್ಕೆ ತಂದವರಲ್ಲಿ ಚಂದ್ರಶೇಖರ ಕಂಬಾರರು ಪ್ರಮುಖರು. 1992ರಲ್ಲಿ ಸುಂದರಕೃಷ್ಣ ಅರಸರ ನಿರ್ದೇಶನದಲ್ಲಿ ಇದು ಚಲನಚಿತ್ರವಾಗಿಯೂ ಬಂದಿತು. ಕಥೆಯು ಎಲ್ಲರಿಗೂ ಪರಿಚಿತ. ಸಿರಿವಂತನಾದ ಸಂಗ್ಯಾನು ಈರಣ್ಣನ ಹೆಂಡತಿ ಗಂಗಿಯ ಮೇಲೆ ಮನಸ್ಸಿಡುತ್ತಾನೆ. ಗೆಳೆಯ ಬಾಳ್ಯಾನು ನಡುವೆ ನಿಂತು ಓಡಾಡುತ್ತಾನೆ. ಪಾರಮ್ಮನೆಂಬ ಮುದುಕಿ ನೆರವಾಗುತ್ತಾಳೆ. ಗುಟ್ಟು ಈರಣ್ಣನಿಗೆ ತಿಳಿಯುತ್ತದೆ. ಅವನೂ ಅವನ ಸೋದರರೂ ಸೇಡಿಗೆ ನಿಲ್ಲುತ್ತಾರೆ. ಕೊನೆಗೆ ಬಾಳ್ಯಾನೇ ಎದುರಾಳಿಗಳ ಕೈಸೇರಿ ಗೆಳೆಯನನ್ನು ಸಾವಿನ ಕಡೆಗೆ ಕರೆದೊಯ್ಯುತ್ತಾನೆ.

ಪರಸ್ತ್ರೀ ಮೋಹ, ಹಣ, ಮಿತ್ರದ್ರೋಹ, ಕೊಲೆ: ‘ಡಬಲ್ ಇಂಡೆಮ್ನಿಟಿ’ಯ ಸಾಮಗ್ರಿಯೂ ಹೆಚ್ಚುಕಡಿಮೆ ಇಷ್ಟೇ. ಭೇದವಿರುವುದು ಹೇಳುವ ಬಾಯಿಯಲ್ಲಿ. ಸಣ್ಣಾಟದಲ್ಲಿ ಪಾತ್ರಗಳು ತಮ್ಮ ಪದಗಳನ್ನು ಹಾಡುತ್ತವೆ. ಹಿಂದೆ ನಿಂತ ಹಿಮ್ಮೇಳದವರು ಆ ಪದದ ಸೊಲ್ಲನ್ನು ಎತ್ತಿ ಹಾಡುತ್ತಾರೆ. ಒಬ್ಬನು ಆಡಿದ ಮಾತು ಕ್ಷಣಮಾತ್ರದಲ್ಲಿ ಹಲವರ ಮಾತಾಗುತ್ತದೆ. ಎದುರಿಗೆ ಊರೇ ನೆರೆದಿರುತ್ತದೆ, ಬೆಳಗಿನವರೆಗೆ ಕುಳಿತಿರುತ್ತದೆ. ಅಮೆರಿಕೆಯ ಪತ್ತೇದಾರನು ಒಂಟಿ ಕೋಣೆಯಲ್ಲಿ ತನಗೆ ತಾನೇ ಹೇಳಿಕೊಂಡರೆ, ಬೈಲಹೊಂಗಲದ ಕೊಲೆಯನ್ನು ಊರು ಊರಿಗೇ ಹೇಳಿಕೊಳ್ಳುತ್ತದೆ. ಸಮೂಹದ ಈ ಬಾಯಿಗೆ ಒಂದು ದೊಡ್ಡ ಶಕ್ತಿಯಿದೆ, ಒಂದು ಕೊರತೆಯೂ ಇದೆ. ಶಕ್ತಿಯೆಂದರೆ ಯಾರ ದುಃಖವೂ ಅನಾಥವಾಗದು. ಕೊರತೆಯೆಂದರೆ, ಎಲ್ಲರೂ ಹೇಳುವಲ್ಲಿ ‘ಕಂಡವನು ನಾನು’ ಎಂದು ಯಾರೊಬ್ಬನೂ ಹೇಳಬೇಕಾಗುವುದಿಲ್ಲ.

ಈ ನಾಡು ದ್ರೋಹದ ಕಥೆಗಳನ್ನು ಚೆನ್ನಾಗಿ ಬಲ್ಲದು. 1824ರ ಅಕ್ಟೋಬರಿನಲ್ಲಿ ಕಿತ್ತೂರು ಗೆದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋತಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ಕಣ್ಮುಚ್ಚಿದಳು. ಸಂಗೊಳ್ಳಿ ರಾಯಣ್ಣನು ಮೋಸದಿಂದ ಸೆರೆಸಿಕ್ಕು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಲಾವಣಿಕಾರರೂ ಗೀಗೀ ಮೇಳದವರೂ ಈ ಕಥೆಗಳನ್ನು ಸವದತ್ತಿಯ ಗುಡ್ಡದ ಜಾತ್ರೆಗೆ, ರಾಮದುರ್ಗದ ಸಂತೆಗೆ ಕೊಂಡೊಯ್ದು ಹಾಡಿದರು. ವೀರನ ಮಾತನ್ನು ಹಾಡಿದರು, ತಾಯಿಯ ಅಳಲನ್ನು ಹಾಡಿದರು, ದ್ರೋಹಿಗೆ ಶಾಪವನ್ನು ಹಾಕಿದರು. ದ್ರೋಹಿಯ ಬಾಯಿಂದಲೇ, ಅಥವಾ ದ್ರೋಹವನ್ನು ಕಂಡು ಸುಮ್ಮನಿದ್ದವನ ಬಾಯಿಂದಲೇ, ಕಥೆಯನ್ನು ಹೇಳಿಸಿದ ಹಾಡು ಅಪರೂಪ. ಬಾಳ್ಯಾನನ್ನೇ ಎತ್ತಿಕೊಳ್ಳಿರಿ. ಮೊದಲ ಓಡಾಟದಿಂದ ಕೊನೆಯ ಕರೆಯವರೆಗೆ ಎಲ್ಲವನ್ನೂ ಕಂಡವನು ಅವನು. ಎಲ್ಲದರಲ್ಲಿಯೂ ಕೈ ಇದ್ದವನೂ ಅವನೇ. ಆಟ ಮುಗಿದು, ದೀಪ ಆರಿ, ಜನ ಚದುರಿದ ಮೇಲೆ ಬಾಳ್ಯಾನು ಒಬ್ಬನೇ ಕುಳಿತು ಮಾತನಾಡತೊಡಗಿದರೆ ಏನು ಹೇಳಿಯಾನು? ಕಪ್ಪು ಚಿತ್ರದ ನಿರೂಪಕನು ನಿಜವಾಗಿ ಬೇಕಾದದ್ದು ಈ ಜಾಗದಲ್ಲಿ.

ಅಂತಹ ಮಾತಿಗೆ ಕನ್ನಡವು ಒದಗೀತೇ? ಧಾರಾಳವಾಗಿ ಒದಗೀತು, ಕೆಲವು ವಿಷಯಗಳಲ್ಲಿ ಇಂಗ್ಲಿಷಿಗಿಂತ ಹೆಚ್ಚಾಗಿಯೇ ಒದಗೀತು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ನಾಡಿನ ನಾಲ್ಕು ಎಲ್ಲೆಗಳಲ್ಲಿ ಒಂದಾದ ಒಕ್ಕುಂದವು ಬೈಲಹೊಂಗಲ ತಾಲೂಕಿನಲ್ಲಿಯೇ ಇದೆಯೆಂಬುದು ಇಲ್ಲಿಯ ಶಾಲೆಯ ಮಕ್ಕಳಿಗೆ ಹೆಮ್ಮೆಯ ಸಂಗತಿ. ಆ ಹೆಮ್ಮೆಯನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದು ಬಿಡದೆ ಬಳಕೆಗೆ ತರಬೇಕಾದರೆ, ನಮ್ಮ ನುಡಿಯ ಕಟ್ಟಡದಲ್ಲಿ ಪತ್ತೇದಾರನಿಗೆ ಒಪ್ಪುವ ನಾಲ್ಕು ಗುಣಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ನಮ್ಮ ಕ್ರಿಯಾಪದದ ತುದಿಯಲ್ಲಿಯೇ ಕರ್ತೃವು ಅಡಗಿರುತ್ತದೆ. ‘ಹೋದೆ, ನೋಡಿದೆ, ಸುಮ್ಮನಾದೆ’ ಎಂದರೆ ಸಾಕು. ‘ನಾನು’ ಎಂಬ ಪದವನ್ನು ಮತ್ತೆ ಮತ್ತೆ ಎತ್ತಬೇಕಾಗಿಲ್ಲ. ಇಂಗ್ಲಿಷಿನ ಪತ್ತೇದಾರನು ಪ್ರತಿ ವಾಕ್ಯಕ್ಕೂ ತನ್ನ ‘ನಾನು’ವನ್ನು ಹೊತ್ತು ನಡೆಯುತ್ತಾನೆ. ಕನ್ನಡದವನು ಅದನ್ನು ಕ್ರಿಯೆಯ ಕೊನೆಗೆ ಕಟ್ಟಿ ಹಗುರಾಗುತ್ತಾನೆ. ಆದರೂ ಹೊಣೆಯಿಂದ ತಪ್ಪಿಸಿಕೊಳ್ಳಲಾರ. ಎರಡನೆಯದಾಗಿ, ನಮ್ಮ ವಾಕ್ಯದಲ್ಲಿ ಕ್ರಿಯೆಯೂ ನಿಷೇಧವೂ ಕೊನೆಗೆ ಬರುತ್ತವೆ. ‘ಆ ಬಾಗಿಲನ್ನು ಆ ರಾತ್ರಿ ಅವನು’ ಎಂಬವರೆಗೆ ಕೇಳಿದವನಿಗೆ, ತೆರೆದನೋ ತೆರೆಯಲಿಲ್ಲವೋ ಎಂಬುದು ಕಟ್ಟಕಡೆಯ ಪದದವರೆಗೆ ಗೊತ್ತಾಗದು. ಕುತೂಹಲವು ನಮ್ಮ ವ್ಯಾಕರಣದಲ್ಲಿಯೇ ಹುದುಗಿದೆ.

ಮೂರನೆಯದು ಮರ್ಯಾದೆಯ ಪ್ರಶ್ನೆ. ಕನ್ನಡದ ನಿರೂಪಕನು ಅಪರಾಧಿಯನ್ನು ‘ಅವನು’ ಎನ್ನಬೇಕೋ ‘ಅವರು’ ಎನ್ನಬೇಕೋ ಎಂಬುದನ್ನು ಮೊದಲ ವಾಕ್ಯದಲ್ಲಿಯೇ ನಿರ್ಧರಿಸಬೇಕಾಗುತ್ತದೆ. ಕಳ್ಳನೆಂದು ತಿಳಿದ ಮೇಲೂ ಒಬ್ಬನನ್ನು ‘ಅವರು’ ಎಂದು ಕರೆಯುವಲ್ಲಿ ಎಷ್ಟು ಹೆದರಿಕೆಯಿದೆ, ಎಷ್ಟು ಋಣವಿದೆ, ಎಷ್ಟು ವ್ಯಂಗ್ಯವಿದೆ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ‘ಅವನು ಬಂದನು’ ಎಂಬುದು ಒಂದು ಮಾತು. ‘ಅವನು ಬಂದನಂತೆ’ ಎಂಬುದು ಇನ್ನೊಂದು. ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸುವ ಈ ‘ಅಂತೆ’ ಎಂಬ ಪುಟ್ಟ ಪ್ರತ್ಯಯವು ನ್ಯಾಯಾಲಯದ ಒಂದು ದೊಡ್ಡ ನಿಯಮವನ್ನು ಮನೆಮಾತಿನಲ್ಲಿಯೇ ಇರಿಸಿಕೊಂಡಿದೆ. ಹಳ್ಳಿಯ ಅಕ್ಷರವರಿಯದ ಅಜ್ಜಿಯೂ ಇದನ್ನು ತಪ್ಪದೆ ಬಳಸುತ್ತಾಳೆ. ಆದರೆ ಇದೇ ಪ್ರತ್ಯಯವು ಅಡಗುದಾಣವೂ ಆಗಬಲ್ಲದು. ಕಣ್ಣಾರೆ ಕಂಡವನು ಹೊಣೆಗೆ ಹೆದರಿ ‘ಹಾಗಾಯಿತಂತೆ’ ಎಂದಾಗ, ಸಾಕ್ಷಿಯು ಗಾಳಿಸುದ್ದಿಯಾಗಿ ಕರಗಿಹೋಗುತ್ತದೆ.

ಇಷ್ಟು ಸಾಮಗ್ರಿ ಮನೆಯಲ್ಲಿದ್ದರೂ ಮಕ್ಕಳು ಆರಂಭದಲ್ಲಿ ಪರದೇಶದ ಮಳೆಯನ್ನೇ ಸುರಿಸುತ್ತಾರೆ. ಎಂದೂ ಕಾಣದ ಬಂದರು, ಕುಡಿಯದ ಮದ್ಯ, ಸೇದದ ಸಿಗರೇಟು. ಹೊಂದದ ಪದಗಳ ಬೆರಕೆಯನ್ನು ಕವಿರಾಜಮಾರ್ಗಕಾರನು ಕುದಿಯುವ ಹಾಲಿಗೆ ಬಿದ್ದ ಮಜ್ಜಿಗೆಯ ಹನಿಗೆ ಹೋಲಿಸಿದ್ದಾನೆ. ಹೊಂದದ ಅನುಭವದ ಬೆರಕೆಗೂ ಆ ಹೋಲಿಕೆಯೇ ಸಾಕು. ಹಾಲು ಒಡೆಯದಂತೆ ಈ ರೀತಿಯನ್ನು ಕಲಿಸಬಹುದೆಂಬುದಕ್ಕೆ ಈ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯೊಂದನ್ನು ಇಲ್ಲಿ ಸ್ಮರಿಸಬಹುದು.

ಆ ಶಾಲೆಯ ಕನ್ನಡ ಅಧ್ಯಾಪಕಿಯು ಒಂಬತ್ತನೆಯ ತರಗತಿಗೆ ಬಾಳ್ಯಾನ ಸ್ವಗತವನ್ನು ಬರೆದು ತರುವ ಅಭ್ಯಾಸವನ್ನು ಕೊಟ್ಟಳು. ನಿಯಮಗಳು ಮೂರೇ. ಕಂಡದ್ದನ್ನು ಮಾತ್ರ ಹೇಳಬೇಕು. ನಡೆದ ಕ್ರಮದಲ್ಲಿ ಹೇಳಬೇಕು. ಹೇಳುವವನು ತನ್ನನ್ನು ಒಳ್ಳೆಯವನೆಂದು ಕರೆದುಕೊಳ್ಳಬಾರದು. ಸಿನಿಮಾದ ಪತ್ತೇದಾರನಂತೆ ಮಾತನಾಡಲು ಅನುಮತಿಯಿತ್ತು. ಮನೆಯ ಮಾತಿನಲ್ಲಿ ಬರೆಯಲೂ ಅನುಮತಿಯಿತ್ತು. ಬಹಳಷ್ಟು ಮಕ್ಕಳು ಬಾಳ್ಯಾನನ್ನು ಅಳಿಸಿ ತಂದರು. ಮಾತು ಕಡಿಮೆ ಆಡುವ ಒಬ್ಬ ಹುಡುಗನು ಬಾಳ್ಯಾನನ್ನು ಬಿಟ್ಟು ಹತ್ತಿಯ ಪೇಟೆಯನ್ನು ಕುರಿತು ಬರೆದು ತಂದನು:

“ಪ್ಯಾಟ್ಯಾಗ ಕಡೀ ಗಾಡಿ ನಿಂತಿತ್ತು. ಅಂಡಗಿ ಏರಿತು. ಕಲ್ಲು ಏರಿದೂವು. ಕಲ್ಲಿನ ಕಡೀ ಸರಪಳಿಗೆ ಒಂದು ಕೈ ಸುಮ್ಮನ ಒರಗಿತು, ದಣದಾಂವ ಗ್ವಾಡಿಗೆ ಒರಗಿದಂಗ. ತಕ್ಕಡಿ ಹೂಂ ಅಂತು. ನೋಡಿದ್ನಿ. ರೈತ ಚೀಟಿ ತಗೊಂಡು ಕಣ್ಣಿಗೆ ಒತ್ತಿಕೊಂಡ. ಅದನ್ನೂ ನೋಡಿದ್ನಿ. ಸರಪಳಿಗೆ ಒರಗಿದ ಕೈ ದಿನಾ ನನಗ ರೊಟ್ಟಿ ಮುರದು ಕೊಡತೈತಿ. ಕೈ ಹಚ್ಚಿದ್ರಂತ ಅಂತ ಹೇಳಿದ್ರ ನಡೀತಿತ್ತು. ಆದರ ಅಂತ ಅಲ್ಲ, ನೋಡೀನಿ. ಈ ಕೇಸಿನ್ಯಾಗ ಕಳ್ಳನ್ನ ಹುಡಕೂದು ತ್ರಾಸ ಆಗಲಿಲ್ಲ. ಸಾಕ್ಷಿ ಹುಡಕೂದು ತ್ರಾಸ ಆತು. ಸಾಕ್ಷಿ ಕನ್ನಡ್ಯಾಗ ನಿಂತಿದ್ದ.”

ಹುಡುಗನು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದನು. ಮಾವನು ಅಡತಿ ಅಂಗಡಿಯೊಂದರಲ್ಲಿ ತೂಕದ ಕೆಲಸದವನು. ಇಷ್ಟು ಗೊತ್ತಿದ್ದ ಅಧ್ಯಾಪಕಿಗೆ ಅಂದು ಸುಲಭವಾದ ದಾರಿಗಳು ಎರಡಿದ್ದವು. ಕಾಗುಣಿತವನ್ನು ತಿದ್ದಿ, ಗ್ರಾಂಥಿಕ ರೂಪವನ್ನು ಬರೆಯಿಸಿ, ಹತ್ತಕ್ಕೆ ಏಳು ಅಂಕಗಳನ್ನು ಕೊಟ್ಟು ಮುಗಿಸಬಹುದಿತ್ತು. ಹುಡುಗನನ್ನು ಕರೆದು, ಮನೆಯ ಮಾತನ್ನು ಹೊರಗೆ ತರಬಾರದೆಂದು ಬುದ್ಧಿ ಹೇಳಬಹುದಿತ್ತು. ಆಕೆ ಎರಡನ್ನೂ ಮಾಡದೆ, “ಇದನ್ನ ಸಮ್ಮೇಳನದಾಗ ಎಲ್ಲಾರ ಮುಂದ ಹೇಳ್ತಿ ಏನಪಾ?” ಎಂದು ಕೇಳಿದಳು. ಹುಡುಗನು ಬಹಳ ಹೊತ್ತು ನೆಲವನ್ನು ನೋಡುತ್ತ ನಿಂತು, “ಹೇಳ್ತೀನ್ರಿ ಅಕ್ಕೋರ. ಹೆಸರ ಹೇಳೂದಿಲ್ರಿ. ಆದ್ರ ‘ನೋಡೀನಿ’ ಅನ್ನೂದನ್ನ ನೀವು ತಗೀಬ್ಯಾಡ್ರಿ” ಎಂದನು.

ಏಕಪಾತ್ರಾಭಿನಯದ ಸ್ಪರ್ಧೆಯಲ್ಲಿ ಅವನು ದೊಡ್ಡವರ ಕೋಟು ತೊಟ್ಟು ಬಂದಾಗ ಸಭೆಯು ವಾಡಿಕೆಯಂತೆ ನಕ್ಕಿತು. ತಗ್ಗಿದ ಧ್ವನಿಯನ್ನು ಕೇಳಿ ಇನ್ನಷ್ಟು ನಕ್ಕಿತು. ತಕ್ಕಡಿ ಹೂಂ ಅಂದ ಮೇಲೆ ನಗೆ ತೆಳುವಾಯಿತು. ರೈತನು ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡಾಗ ಹಿಂದಿನ ಸಾಲುಗಳಲ್ಲಿ ಕುಳಿತಿದ್ದ ಪಾಲಕರು, ಅವರಲ್ಲಿ ಹೆಚ್ಚಿನವರು ಒಕ್ಕಲುತನದವರು, ನಿಶ್ಶಬ್ದರಾದರು. ತೀರ್ಪುಗಾರರಲ್ಲಿ ಒಬ್ಬರು ಇದು ಪರದೇಶದ ಸಿನಿಮಾದ ನಕಲೆಂದರು. ಇನ್ನೊಬ್ಬರು ಭಾಷೆ ಶಿಷ್ಟವಾಗಿಲ್ಲವೆಂದರು. ಸಮಾಧಾನಕರ ಬಹುಮಾನ ಬಂದಿತು. ಕಾರ್ಯಕ್ರಮ ಮುಗಿದ ಮೇಲೆ ಮುದುಕನೊಬ್ಬನು ಹುಡುಗನ ಬಳಿಗೆ ಬಂದು, ಅವನ ತಲೆಯ ಮೇಲಿನ ಟೊಪ್ಪಿಗೆಯನ್ನು ತೆಗೆದು ಅವನ ಕೈಗೇ ಕೊಟ್ಟು, “ಯಾರು ಅಂತ ಕೇಳೂದಿಲ್ಲ ತಮ್ಮಾ, ನೋಡೀನಿ ಅಂದ್ಯಲ್ಲ, ಅಷ್ಟ ಸಾಕು” ಎಂದನು.

ಮಾವನೂ ಆ ಸಭೆಯಲ್ಲಿದ್ದನು. ರಾತ್ರಿ ಹುಡುಗನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಮನೆಗೆ ಹೋದುದನ್ನು ಕಂಡವರಿದ್ದಾರೆ. ದಾರಿಯಲ್ಲಿ ಇಬ್ಬರ ನಡುವೆ ಏನು ಮಾತಾಯಿತೆಂಬುದನ್ನು ಕುರಿತು ಊರಿನಲ್ಲಿ ಹಲವು ‘ಅಂತೆ’ಗಳು ಹುಟ್ಟಿಕೊಂಡವು. ಕಂಡವರು ಯಾರೂ ಇಲ್ಲದುದರಿಂದ ಅವುಗಳಿಗೆ ಇಲ್ಲಿ ಎಡೆಯಿಲ್ಲ. ಹುಡುಗನು ಅದೇ ಮನೆಯಲ್ಲಿದ್ದುಕೊಂಡೇ ಮುಂದಿನ ವರ್ಷ ಹತ್ತನೆಯ ತರಗತಿಯನ್ನು ಮುಗಿಸಿದನೆಂಬುದು ಮಾತ್ರ ಶಾಲೆಯ ದಾಖಲೆಯಲ್ಲಿರುವ ಸತ್ಯ.

ಹದಿನಾಲ್ಕರ ಹುಡುಗನಿಗೆ ಪತ್ತೇದಾರನ 

ದಣಿವು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಈಗ ಉತ್ತರ ದೊರೆತಂತಾಯಿತು. ಮಕ್ಕಳು ದೊಡ್ಡವರ ಲೋಕವನ್ನು ನೋಡುತ್ತಲೇ ಇರುತ್ತಾರೆ. ಅವರ ಕಣ್ಣಿಗೆ ಬಿದ್ದದ್ದನ್ನು ಹೇಳುವ ಬಾಯಿಯನ್ನು ಮಾತ್ರ ನಾವು ಕೊಟ್ಟಿರುವುದಿಲ್ಲ. ನಮ್ಮ ಪ್ರಬಂಧದ ಪಾಠಗಳಲ್ಲಿ ‘ಪ್ರಾಮಾಣಿಕತೆ’ ಎಂಬ ವಿಷಯಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳಿವೆ. ‘ನೋಡಿದೆ’ ಎಂಬ ಒಂದು ಪದಕ್ಕೆ ಜಾಗವಿಲ್ಲ. ತನ್ನ ಸ್ವಂತ ಧ್ವನಿಯಲ್ಲಿ ಆ ಹುಡುಗನು ಆ ಮಾತನ್ನು ಎಂದೂ ಆಡಲಾರನಾಗಿದ್ದನು. ಎರವಲು ಕೋಟೊಂದು ಸಿಕ್ಕಿತು. ಅದರ ಜೇಬಿನಲ್ಲಿ ಧೈರ್ಯವೂ ಸಿಕ್ಕಿತು. ಬಯಲಾಟದ ವೇಷಗಾರನು ಕಿರೀಟ ಕಟ್ಟಿಕೊಂಡು ಬಂದು ಊರಗೌಡನ ಎದುರಿಗೆ ನಿಂತು ಆಡಬಾರದ ಮಾತನ್ನು ಆಡುವುದು ಇದೇ ನ್ಯಾಯದಿಂದ. ವೇಷವು ಮುಖವನ್ನು ಮುಚ್ಚಿ ಬಾಯನ್ನು ತೆರೆಯುತ್ತದೆ.

ಆದುದರಿಂದ ಪತ್ತೇದಾರನ ಮಾತನ್ನು ಶಾಲೆಯ ಅಂಗಳದಿಂದ ಹೊರಗಟ್ಟುವುದು ಸರಿಯಲ್ಲ. ಅದನ್ನು ವೇದಿಕೆಯ ಮೇಲಿನ ನಗೆಗೆ ಬಿಟ್ಟುಕೊಡುವುದೂ ಸರಿಯಲ್ಲ. ಅದರಲ್ಲಿ ಮಕ್ಕಳಿಗೆ ಕಲಿಸಬಹುದಾದ ಶಿಸ್ತು ಇದೆ. ಉಪಮಾನವನ್ನು ತನ್ನ ಕಣ್ಣಳವಿನಿಂದಲೇ ಆರಿಸು. ಕಂಡದ್ದಕ್ಕೆ ‘ಅಂತೆ’ಯನ್ನು ಹಚ್ಚಬೇಡ, ಕೇಳಿದ್ದಕ್ಕೆ ಅದನ್ನು ಹಚ್ಚಲು ಮರೆಯಬೇಡ. ಪರರ ತಪ್ಪನ್ನು ಹೇಳುವಾಗ ನೀನು ಎಲ್ಲಿ ನಿಂತಿದ್ದೆಯೆಂಬುದನ್ನೂ ಹೇಳು. ಈ ಪಾಠಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ, ಯಂತ್ರಗಳು ಬೇಕಾಗಿಲ್ಲ. ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಕಾವ್ಯಗಳ ಪಕ್ಕದಲ್ಲಿ ಹಳೆಯ ಪತ್ತೇದಾರಿ ಕಾದಂಬರಿಗಳಿಗೂ ಸಣ್ಣಾಟದ ಪ್ರತಿಗಳಿಗೂ ಒಂದು ಗೇಣು ಸ್ಥಳ, ಮತ್ತು ಮಕ್ಕಳು ಬರೆದು ತಂದುದನ್ನು ಕೆಂಪು ಶಾಯಿಯ ಮೊದಲು ಕಿವಿಯಿಂದ ಓದುವ ಅಧ್ಯಾಪಕರು, ಇಷ್ಟಿದ್ದರೆ ಸಾಕು.

ಬಾಳ್ಯಾನ ಬಾಯಿಂದ ಬಾರದ ಮಾತಿಗಾಗಿ ಬೈಲಹೊಂಗಲದ ಬಯಲು ಇನ್ನೂ ಕಾದಿದೆ. ಪೇಟೆಯ ಹಳೆಯ ತಕ್ಕಡಿಗಳು ಹೋಗಿ ಅಂಕಿಗಳನ್ನು ಬೆಳಗಿ ತೋರಿಸುವ ಯಂತ್ರಗಳು ಬಂದಿವೆ. ಯಂತ್ರವು ಎಷ್ಟೇ ನಿಖರವಾಗಿರಲಿ, ಅದರ ಪಕ್ಕದಲ್ಲಿ ನಿಂತು ನೋಡುವ ಎರಡು ಕಣ್ಣುಗಳು ಬೇಕು. ಆ ಕಣ್ಣುಗಳಿಗೆ ಉತ್ತಮ ಪುರುಷದಲ್ಲಿ ವಾಕ್ಯವನ್ನು ಮುಗಿಸಬಲ್ಲ ಒಂದು ನಾಲಿಗೆಯೂ ಬೇಕು. ಆ ನಾಲಿಗೆಯನ್ನು ಸಿದ್ಧಗೊಳಿಸುವ ಕೆಲಸವು ಕನ್ನಡದ ತರಗತಿಗೆ ಸೇರಿದ್ದು.